ಮಗುವಿನ ಕೊರಳ ಹವಳ

ಆ ತಾಯಂದಿರು ಮೊದಮೊದಲು ನನಗೆ ಹಿಡಿಸಿರಲಿಲ್ಲ. ಶಿಕಾಗೋದ ಮ್ಯೂಸಿಯಮ್ಮಿನಲ್ಲಿ ಐದುನೂರು ವರ್ಷಗಳ ಹಿಂದಿನ ಇಟಲಿಯ ಚಿತ್ರಗಳಿರುವ ಕೋಣೆಗಳಿವೆ. ಅಲ್ಲಿ ಗೋಡೆಗೊಬ್ಬಳಂತೆ ಮೇರಿ, ಅವಳ ತೊಡೆಯ ಮೇಲೆ ಬಾಲ ಯೇಸು. ಮಗುವೇನೋ ಬೆಣ್ಣೆಮುದ್ದೆಯ ಹಾಗೆ ದುಂಡಗಿರುತ್ತದೆ. ತಾಯಿಯ ಮುಖಕ್ಕೆ ಮಾತ್ರ ಸೂತಕದ ಕಳೆ. ಇಂಥ ಕೂಸನ್ನು ಮಡಿಲಲ್ಲಿಟ್ಟುಕೊಂಡು ಈಕೆಗೇನು ಬಂದಿದೆ ಧಾಡಿ ಎಂದು ನನಗೆ ಸಿಟ್ಟು ಬರುತ್ತಿತ್ತು. ನಾನು ಮತ್ತು ನಮ್ಮವರು ವರ್ಷಗಟ್ಟಲೆ ಡಾಕ್ಟರುಗಳ ಬಾಗಿಲು ಕಾದು, ಬಸಿರು ನಿಲ್ಲದೆ, ಕೊನೆಗೆ ಸಾಕು ಎಂದು ಕೈಚೆಲ್ಲಿದ ಕಾಲ ಅದು. ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಿ ಯಾರದಾದರೂ ಮಗುವನ್ನು ಕಂಡರೆ ಎತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಎತ್ತಿಕೊಂಡರೆ ಅದರ ತಾಯಿ ಏನಂದುಕೊಂಡಾಳೋ ಎಂಬ ಅಳುಕು ಹಿಂದೆಯೇ ಬರುತ್ತಿತ್ತು. ಚಿತ್ರದ ಮಕ್ಕಳನ್ನು ಎಷ್ಟು ಹೊತ್ತು ನೋಡಿದರೂ ಯಾರೂ ಏನೂ ಅನ್ನುವುದಿಲ್ಲ. ಅದಕ್ಕೇ ನಾವಿರುವ ನೇಪರ್‌ವಿಲ್‌ನಿಂದ ರೈಲು ಹತ್ತಿ, ಬಿಡುವಿದ್ದ ಶನಿವಾರಗಳಂದು ಅಲ್ಲಿಗೆ ಹೋಗುತ್ತಿದ್ದೆ.

ಆ ಮುಖಗಳ ಗುಟ್ಟು ತಿಳಿದದ್ದು ತೀರಾ ಈಚೆಗೆ. ಹೋದ ಚಳಿಗಾಲ ನಮ್ಮ ಲೈಬ್ರರಿಯಲ್ಲಿ ನಿವೃತ್ತ ಟೀಚರೊಬ್ಬರು ಈ ಚಿತ್ರಗಳ ಬಗ್ಗೆ ಪಾಠ ಶುರುಮಾಡಿದರು. ಕೇಳಲು ಬಂದವರೆಲ್ಲ ಬಿಳಿತಲೆಯವರು; ಕಪ್ಪುತಲೆ ನನ್ನದೊಂದೇ, ಅದೂ ಡೈ ಹಚ್ಚಿದ್ದು. ಆ ಕಾಲದ ಚಿತ್ರಗಾರರು ಒಂದು ಹಣ್ಣನ್ನೂ ಸುಮ್ಮನೆ ಬರೆದವರಲ್ಲ, ಏನನ್ನೇ ಕಂಡರೂ ಇದು ಇಲ್ಲಿ ಯಾಕಿದೆ ಎಂದು ಕೇಳಿ ಎನ್ನುವುದು ಅವರ ಪಾಠದ ಪಲ್ಲವಿ. ಮಗುವಿನ ಕೈಯ ದಾಳಿಂಬೆ ಬಿರಿದಿದ್ದರೆ ಆ ಕೆಂಪು ಮುಂದೆ ಸುರಿಯಲಿರುವ ರಕ್ತ. ಮಗುವನ್ನು ನಿಲ್ಲಿಸಿದ ಕಲ್ಲುಕಟ್ಟೆ ಸಮಾಧಿಯ ಕಲ್ಲು. ತಾಯಿಯ ತೊಡೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದ ಮಗುವಿನದು ಬರೀ ನಿದ್ದೆಯಲ್ಲ. ಶಿಲುಬೆಯಿಂದ ಇಳಿಸಿದ ಮಗನ ಹೆಣ ಇದೇ ತೊಡೆಯ ಮೇಲೆ ಹೀಗೆಯೇ ಮಲಗಲಿದೆ. ಮಗುವಿನ ಮುಷ್ಟಿಯಲ್ಲಿ ಕೆಂಪು ಮೂತಿಯ ಪುಟ್ಟ ಹಕ್ಕಿ ಇದ್ದರೆ ಅದು ಗೋಲ್ಡ್‌ಫಿಂಚ್. ಮುಳ್ಳುಗಿಡದ ಬೀಜ ತಿಂದು ಬದುಕುವ ಹಕ್ಕಿಯಾದ್ದರಿಂದ ಅದು ಯೇಸುವಿನ ಮುಳ್ಳಿನ ಕಿರೀಟದ ಸೂಚನೆ.

ಆ ಹಕ್ಕಿಯ ಅಮೆರಿಕದ ದಾಯಾದಿಗಳು, ಹಳದಿ ಮೈಯವು, ನಮ್ಮ ಹಿತ್ತಿಲಿಗೂ ಬರುತ್ತವೆ. ಇಲ್ಲಿಯವರು ಅವಕ್ಕೆ ಹಾಕುವುದು ನಮ್ಮ ಗುರೆಳ್ಳು. ಧಾರವಾಡದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯ ಸಾಮಾನನ್ನು ದೊಡ್ಡ ಚೀಲಗಳಲ್ಲಿ ತಂದು ಹಕ್ಕಿಗೆ ಸುರಿಯುವ ದೇಶ ಇದು ಎಂದು ನಾನು ನಗುತ್ತಿದ್ದೆ. ಪಾಠ ಕೇಳಿದ ಮೇಲೆ ಆ ಹಕ್ಕಿಗಳನ್ನು ನೋಡುವಾಗ ನಗು ಸ್ವಲ್ಪ ಕಡಿಮೆಯಾಯಿತು. ತಾಯಿಯ ಮೇಲಿನ ಸಿಟ್ಟೂ ಇಳಿಯಿತು. ಅವಳಿಗೆ ಎಲ್ಲ ಮೊದಲೇ ಗೊತ್ತು, ಗೊತ್ತಿದ್ದೂ ಮಗುವನ್ನು ಎತ್ತಿ ನಮಗೆ ತೋರಿಸುತ್ತಿದ್ದಾಳೆ ಎಂದು ಟೀಚರು ಹೇಳಿದ ದಿನ ಕಾರಿನಲ್ಲಿ ಕೂತು ಅತ್ತಿದ್ದೆ.

ಇನ್ನೊಂದು ವಾರ ಅವರು ತೋರಿಸಿದ, ಡೆಟ್ರಾಯಿಟ್‌ನ ಮ್ಯೂಸಿಯಮ್ಮಿನ ಚಿತ್ರದಲ್ಲಿ ಮಗು ಬತ್ತಲೆಯಾಗಿತ್ತು, ಕೊರಳಲ್ಲಿ ಮಾತ್ರ ಕೆಂಪು ಹವಳದ ಸರ. ಇಟಲಿಯ ತಾಯಂದಿರು ಕೆಟ್ಟ ಕಣ್ಣು ತಾಗದಿರಲೆಂದು ಮಕ್ಕಳಿಗೆ ಹವಳ ಕಟ್ಟುತ್ತಿದ್ದರಂತೆ. ನಾನು ಕೈ ಎತ್ತಿ, ನಮ್ಮಲ್ಲೂ ಹಾಗೆಯೇ, ಒಂದು ಮಗುವಿಗೆ ನಾನೇ ಊರಿನಿಂದ ಹವಳದ ಸರ ತಂದುಕೊಟ್ಟಿದ್ದೇನೆ ಎಂದೆ. ಎಲ್ಲರೂ ತಿರುಗಿ ನೋಡಿದರು. ನನಗೆ ಕೋಡು ಮೂಡಿದ್ದು ನಿಜ.

ಆ ಮಗು ನನ್ನ ಗೆಳತಿಯದು. ಗೆಳತಿ ಅನ್ನುವುದೂ ಕಡಿಮೆಯೇ. ಮದುವೆಯಾಗಿ ಮೈಸೂರಿನಿಂದ ನೇಪರ್‌ವಿಲ್‌ನಲ್ಲಿ ಆಗ ನಾವಿದ್ದ ಅಪಾರ್ಟ್‌ಮೆಂಟ್ ಕಟ್ಟಡಕ್ಕೆ ಬಂದಿಳಿದಾಗ ಅವಳಿಗೆ ಇಲ್ಲಿ ಒಂದು ನರಪಿಳ್ಳೆಯ ಗುರುತಿರಲಿಲ್ಲ. ಗಂಡ ಆಫೀಸಿಗೆ ಹೋದರೆ ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ಡ್ರೈವಿಂಗ್ ಕಲಿಸಿದ್ದು ನಾನು, ಹಿಮದ ಬೂಟು ಕೊಡಿಸಿದ್ದು ನಾನು, ಜ್ವರ ಬಂದಾಗ ಗಂಜಿ ಕಾಯಿಸಿದ್ದು ನಾನು. ಅಕ್ಕ ಎಂದು ಕರೆದಳು. ನಾನು ತಂಗಿ ಎಂದೇ ನಂಬಿದೆ. ಗಂಡನಿಗೆ ಡಿಯರ್‌ಬಾರ್ನ್‌ನಲ್ಲಿ ಕಾರು ಕಂಪನಿಯ ಎಂಜಿನಿಯರ್ ಕೆಲಸ ಸಿಕ್ಕಿ ಅವರು ಮಿಶಿಗನ್ನಿಗೆ ಹೋದ ಮೇಲೂ ಅವಳ ಫೋನು ಬಾರದ ದಿನವಿರಲಿಲ್ಲ.

ಅವಳು ಬಸುರಿಯಾದಾಗ ಅವಳ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತನ ತವರಿನದು; ತವರು ಇಲ್ಲದ ಕಡೆ ಅಕ್ಕ ಇರಬೇಕು. ರಜೆ ಹಾಕಿ, ಕಾರಿನ ತುಂಬ ಬಾಣಂತಿಗೆ ಬೇಕಾದ ಅಂಟಿನ ಉಂಡಿ, ಅಳ್ವಿ ಬೀಜ, ಒಣಶುಂಠಿ, ಕೊಬ್ಬರಿ ತುಂಬಿಕೊಂಡು ಹೊರಟೆ. ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಅವರ ಮನೆಯ ಸ್ಮೋಕ್ ಅಲಾರಂ ಬೊಬ್ಬೆ ಹೊಡೆದು ಬಾಣಂತಿ, ಕೂಸು ಎಲ್ಲರೂ ಅತ್ತರು. ಆಮೇಲೆ ಗರಾಜಿನಲ್ಲಿ ಹಾಕಿದೆ. ಬಾತ್‌ಟಬ್ಬಿನೊಳಗೆ ಮಣೆ ಇಟ್ಟು ಕೂತು, ಕಾಲು ಚಾಚಿ, ಮೊಣಕಾಲ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದೆ. ಆ ಕಾವು ಇನ್ನೂ ನನ್ನ ಕಾಲಿನಲ್ಲಿದೆ ಎಂದರೆ ನಗಬೇಡಿ. ತೊಟ್ಟಿಲಿಗೆ ಹಾಕಿದ ದಿನ ಅವಳೇ ಎಲ್ಲರ ಎದುರು, ಇವರನ್ನು ನನ್ನ ಮಗಳು ಆಂಟಿ ಅನ್ನಕೂಡದು, ದೊಡ್ಡಮ್ಮ ಅನ್ನಬೇಕು ಎಂದಳು. ಅಮೆರಿಕದಲ್ಲಿ ಎಲ್ಲರೂ ಎಲ್ಲರಿಗೂ ಆಂಟಿಯೇ. ದೊಡ್ಡಮ್ಮ ಆಗುವುದಕ್ಕೆ ರಕ್ತ ಬೇಕು, ಇಲ್ಲವೇ ಅಷ್ಟು ಪ್ರೀತಿ ಬೇಕು. ನನಗೆ ಅದು ಸಿಕ್ಕಿತ್ತು.

ಆ ಬಾಣಂತನ ಮುಗಿಸಿ ಬಂದ ಮೇಲೆ ನಾನು ಧಾರವಾಡಕ್ಕೆ ಹೋಗಿದ್ದಾಗ ಅವಳು ಫೋನು ಮಾಡಿ ಮಗುವಿಗೆ ಹವಳದ ಸರ ತರಲು ಹೇಳಿದಳು. ದೃಷ್ಟಿಗೆ ಒಳ್ಳೆಯದು ಎಂದು ಅವಳ ತಾಯಿ ಹೇಳಿದ್ದರಂತೆ. ನಮ್ಮ ಕಡೆ ನದರು ಅನ್ನುತ್ತೇವೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಆದರೆ ಮಗುವಿನ ವಿಷಯಕ್ಕೆ ಬಂದರೆ ಯಾರು ತಾನೇ ವಾದ ಮಾಡುತ್ತಾರೆ? ಅಂಗಡಿಯವನು ತೋರಿಸಿದ ಸರಗಳನ್ನೆಲ್ಲ ಬೆಳಕಿಗೆ ಹಿಡಿದು, ಬಣ್ಣ ಹಾಕಿದ್ದಲ್ಲ ತಾನೇ ಎಂದು ಅವನ ಪ್ರಾಣ ಹಿಂಡಿ, ಮಗುವಿನ ಚರ್ಮಕ್ಕೆ ಚುಚ್ಚದಂಥ ನುಣ್ಣನೆಯ ಮಣಿಗಳನ್ನೇ ಆರಿಸಿ ಸರ ಮಾಡಿಸಿ ತಂದೆ. ಜನರ ಕಣ್ಣು ಒಳ್ಳೆಯದಲ್ಲ ಎಂದು ಕೊಡುವಾಗ ನಾನೇ ಹೇಳಿದೆ. ಯಾವ ಜನ ಎಂದು ಕೇಳಿಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ.

ಈ ವಸಂತದಲ್ಲಿ ಅವಳು ಮತ್ತೆ ಬಸುರಿಯಾದಳು. ಈ ಸಲವೂ ನೀವೇ ಬರಬೇಕು ಅಕ್ಕ, ನಿಮ್ಮ ಕೈಯ ನೀರು ಬಿದ್ದರೇನೇ ನನಗೆ ಸಮಾಧಾನ ಎಂದಳು. ನಾನು ಕೂಡಲೇ ಆಫೀಸಿನಲ್ಲಿ ರಜೆ ಕೇಳಿದೆ. ಮ್ಯಾನೇಜರ್ ಯಾರ ಹೆರಿಗೆ ಎಂದು ಕೇಳಿದಾಗ ತಂಗಿಯದು ಎಂದೆ. ಹೊಸ ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುವ ಆಸೆಯಿಂದ ನಾನು ಹಗಲೆಲ್ಲ ಗುನುಗುತ್ತ ಓಡಾಡುತ್ತಿದ್ದೆ. ಹೆರಿಗೆಗೆ ಇನ್ನೂ ಸಮಯವಿತ್ತು. ಏನೇನು ತರಬೇಕು ಎಂದು ಮಾತಾಡಿಕೊಂಡು ಬರೋಣವೆಂದು ಒಂದು ವಾರಾಂತ್ಯ ಐ-94 ಹೆದ್ದಾರಿ ಹಿಡಿದು ಒಬ್ಬಳೇ ಹೊರಟೆ.

ಹೋದ ದಿನವೇ ಅವಳಿಗೆ ಹೇಳಿದೆ, ನಾಳೆ ಡೆಟ್ರಾಯಿಟ್‌ನ ಮ್ಯೂಸಿಯಮ್ಮಿಗೆ ಹೋಗೋಣ, ನಿನ್ನ ಮಗಳ ಕೊರಳಲ್ಲಿರೋ ಸರ ಐದುನೂರು ವರ್ಷ ಹಿಂದಿನ ಮಗುವಿನ ಕೊರಳಲ್ಲೂ ಇದೆ, ತೋರಿಸುತ್ತೇನೆ ಎಂದು. ಅವಳು ಕಾಲು ಊದಿದೆ ಅಂದಳು. ಸೆಕೆ ಅಂದಳು. ಅವಳ ಗಂಡ, ಪಾಪ, ಏನೂ ತಿಳಿಯದ ಪ್ರಾಣಿ, ಅಕ್ಕ ಅಷ್ಟು ದೂರದಿಂದ ಬಂದಿದ್ದಾರೆ, ಹೋಗಿ ಬಾ, ಒಳಗೆ ಎ.ಸಿ. ಇರುತ್ತದೆ ಎಂದು ಒತ್ತಾಯ ಮಾಡಿ ತಾನು ಮನೆಯಲ್ಲಿ ಉಳಿದ. ಮೂವರೂ ಹೊರಟೆವು. ನಾಲ್ಕು ವರ್ಷದ ಮಗಳು ಕಾರಿನಲ್ಲಿ ಹಿಂದೆ ಕೂತು ದಾರಿಯುದ್ದಕ್ಕೂ ನನಗೆ ಇಂಗ್ಲಿಷಿನಲ್ಲಿ ಡೈನೋಸಾರುಗಳ ಪಾಠ ಹೇಳಿದಳು.

ಆ ಚಿತ್ರದ ಮುಂದೆ ಮ್ಯೂಸಿಯಮ್ಮಿನ ವಾಲಂಟಿಯರ್ ಅಜ್ಜಿಯೊಬ್ಬರು ನಾಲ್ಕಾರು ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ನಮ್ಮ ಹುಡುಗಿಯೂ ಹೋಗಿ ಅವರೊಡನೆ ಕೂತಳು. ಪಾಪುವಿನ ಕೊರಳಲ್ಲಿ ಏನಿದೆ ಎಂದು ಅಜ್ಜಿ ಕೇಳಿದರು. ನಮ್ಮವಳು ಎಲ್ಲರಿಗಿಂತ ಮುಂಚೆ ಕೈ ಎತ್ತಿ, ತನ್ನ ಫ್ರಾಕಿನ ಒಳಗಿನಿಂದ ಸರವನ್ನು ಹೊರಗೆಳೆದು ತೋರಿಸಿದಳು. ನಾನು ಹಿಂದೆ ನಿಂತು ಹಿಗ್ಗಿದೆ. ಅದು ಯಾತಕ್ಕೆ ಗೊತ್ತಾ ಎಂದು ಅಜ್ಜಿ ಕೇಳಿದರು.

"ಸೋ ದಟ್ ನೋಬಡಿ ಗಿವ್ಸ್ ಮಿ ಬ್ಯಾಡ್ ಐ," ಎಂದಳು ಹುಡುಗಿ. ಆಮೇಲೆ, ಹೆಮ್ಮೆಯಿಂದ, "ಅಮ್ಮ ಪುಟ್ಸ್ ಇಟ್ ಆನ್ ವೆನ್ ದೊಡ್ಡಮ್ಮ ಕಮ್ಸ್. ದೆನ್ ಶಿ ಟೇಕ್ಸ್ ಇಟ್ ಆಫ್."

ಅಜ್ಜಿಗೆ ದೊಡ್ಡಮ್ಮ ಎಂದರೆ ಯಾರೆಂದು ತಿಳಿಯಲಿಲ್ಲ. ಬಂಧುಗಳು ಬಂದಾಗ ಚೆನ್ನಾಗಿ ಕಾಣಲೆಂದು ತಾಯಿ ಸಿಂಗಾರ ಮಾಡುತ್ತಾಳೆ ಎಂದುಕೊಂಡು, ಎಷ್ಟು ಚೆಂದ ಎಂದು ನಕ್ಕು ಮುಂದಿನ ಮಗುವಿನ ಕಡೆ ತಿರುಗಿದರು. ನಾನು ನನ್ನ ಪಕ್ಕದಲ್ಲಿದ್ದವಳ ಕಡೆ ತಿರುಗಿದೆ. ಅವಳು ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದಳು. ಆ ಬ್ಯಾಗಿನಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ. ರೆಸ್ಟ್‌ರೂಮಿಗೆ ಹೋಗಬೇಕು ಎಂದು ಹೊರಟುಹೋದಳು.

ನಾನು ಅಲ್ಲೇ ನಿಂತೆ. ಚಿತ್ರದಲ್ಲಿ ಇದ್ದವರು ಇಬ್ಬರೇ, ತಾಯಿ ಮತ್ತು ಮಗು. ಹಿಂದೆ ಕಿಟಕಿ, ಕಿಟಕಿಯಾಚೆ ಗುಡ್ಡ, ಗುಡ್ಡದ ಮೇಲೆ ಒಂದು ನರಪ್ರಾಣಿಯಿಲ್ಲ. ಹಾಗಾದರೆ ಆ ಹವಳ ಯಾರ ಕಣ್ಣಿಗೆ ಹೆದರಿ? ಇದು ಇಲ್ಲಿ ಯಾಕಿದೆ ಎಂದು ಕೇಳಿ ಅಂದಿದ್ದರಲ್ಲ ಟೀಚರು, ಕೇಳಿಕೊಂಡೆ. ಚೌಕಟ್ಟಿನ ಹೊರಗೆ ಎದುರು ನಿಂತು ಮಗುವನ್ನು ನೋಡುವವರ ಕಣ್ಣಿಗೆ. ದಾಳಿಂಬೆ, ಹಕ್ಕಿ, ಕಲ್ಲುಕಟ್ಟೆ ಎಂದು ಇಟಲಿಯವರ ಮನಸ್ಸನ್ನೆಲ್ಲ ಓದಿ ಕೈ ಎತ್ತಿ ಉತ್ತರ ಹೇಳಿದ ಜಾಣೆ ನಾನು. ನನ್ನ ಕಾಲ ಮೇಲೆ ಬೆಳೆದ ಮಗುವಿನ ಕೊರಳಲ್ಲಿ ಇದ್ದದ್ದನ್ನು ಓದಲಾಗಲಿಲ್ಲ. ಅದನ್ನು ಆರಿಸಿ ತಂದವಳೂ ನಾನೇ.

ಆದರೂ ಮನಸ್ಸು ಎಂಥ ಮಳ್ಳು ನೋಡಿ. ಮಗುವಿನ ಮಾತು, ಏನೋ ತಪ್ಪು ತಿಳಿದಿರಬೇಕು ಎಂದು ಬೆಂಚಿನ ಮೇಲೆ ಕೂತು ಫೋನು ತೆಗೆದೆ. ಅವಳು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳಲ್ಲಿ, ಹುಟ್ಟುಹಬ್ಬ, ಈಜುಕೊಳ, ಸ್ಕೂಲಿನ ಮೊದಲ ದಿನ, ಎಲ್ಲದರಲ್ಲೂ ಮಗುವಿನ ಕೊರಳು ಬೋಳು. ನಾನು ತೆಗೆದ ಫೋಟೋಗಳಲ್ಲಿ, ಒಂದೂ ತಪ್ಪದಂತೆ, ಕೆಂಪು ಸರ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಹುಡುಗಿ ಬಂದು ಪಕ್ಕದಲ್ಲಿ ಕೂತು ನನ್ನ ತೋಳಿಗೆ ತಲೆ ಆನಿಸಿದಳು, ಹಸಿವು ಅಂದಳು. ಕೆಳಗೆ ಕರೆದುಕೊಂಡು ಹೋಗಿ ಫ್ರೆಂಚ್ ಫ್ರೈಸ್ ಕೊಡಿಸಿದೆ.

ಮೂವರೂ ಮನೆಗೆ ಬಂದ ಮೇಲೆ ಗೆಳತಿಯ ಗಂಡ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋದ. ಅಡುಗೆಮನೆಯಲ್ಲಿ ನಾವಿಬ್ಬರೇ. ಅವಳು ನನಗೆ ಬೆನ್ನು ತಿರುಗಿಸಿ ಚಹಾ ಮಾಡುತ್ತಿದ್ದಳು. ನನಗೆ ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ.

"ನಾ ಬಂದಾಗಷ್ಟ ಯಾಕ ಹಾಕ್ತಿ?" ಎಂದೆ.

ಅವಳು ತಿರುಗಲಿಲ್ಲ. "ಅಮ್ಮ ಹೇಳ್ತಾರೆ ಅಕ್ಕ. ನಾನು ಅದನ್ನೆಲ್ಲ ನಂಬಲ್ಲ. ಹಾಕಿದ್ರೆ ಏನ್ ಹೋಗುತ್ತೆ ಅಂತ ಅಷ್ಟೇ."

ಆಮೇಲೆ ಒಂದೊಂದಾಗಿ ಹೊರಬಂತು. ಮೊದಲ ಬಾಣಂತನ ಮುಗಿಸಿ ನಾನು ಹೊರಟುಬಂದ ವಾರವೇ ಮಗುವಿಗೆ ಜ್ವರ ಬಂದಿತ್ತಂತೆ. ಮಕ್ಕಳಿಲ್ಲದವಳು, ಹಗಲೂ ರಾತ್ರಿ ಮಗುವನ್ನೇ ನೋಡುತ್ತ ಕೂತಿದ್ದಳಲ್ಲ, ಇನ್ನೇನಾಗುತ್ತದೆ ಎಂದು ವಿಡಿಯೋ ಕಾಲಿನಲ್ಲಿ ತಾಯಿ ಅಂದರಂತೆ. ಅಂದಿನಿಂದ ನಾನು ಬಂದು ಹೋದ ಪ್ರತಿ ಸಲವೂ ಅವಳು ಮಗುವಿಗೆ ಕಲ್ಲುಪ್ಪು, ಒಣಮೆಣಸಿನಕಾಯಿ ಇಳಿ ತೆಗೆದು ಒಲೆಯ ಮೇಲೆ ಸುಡುತ್ತಾಳಂತೆ. ನನ್ನ ಕಾರು ಅವರ ಬಡಾವಣೆ ದಾಟುವುದಕ್ಕೇ ಕಾಯುತ್ತಾಳಂತೆ. ಇದನ್ನು ಹೇಳುವಾಗ ಅವಳು ಅಳುತ್ತಿದ್ದಳು. ನಾನು ಅಳಲಿಲ್ಲ. ಹೇಳುವ ಮೊದಲು ನಾಲ್ಕು ವರ್ಷ ಅವಳು ನನ್ನ ಎದುರು ನಗುನಗುತ್ತ ಇದ್ದಳಲ್ಲ, ಆ ನಗುವನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೆ.

ನಂಬದವಳು ಸರವನ್ನು ನನ್ನ ಕೈಯಲ್ಲೇ ಯಾಕೆ ತರಿಸಿದೆ ಎಂದು ಕೇಳಿದೆ. ಬೇರೆ ಯಾರೂ ಊರಿಗೆ ಹೋಗುವವರಿರಲಿಲ್ಲ ಎಂದಳು. ಅದು ನಿಜವೇ ಇರಬೇಕು. ನಿಜವಾದ್ದರಿಂದಲೇ ಹೆಚ್ಚು ನೋವಾಯಿತು. ನನ್ನ ಮೇಲೆ ದ್ವೇಷವಿದ್ದು ಹಾಗೆ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳಿಗೆ ನನ್ನ ಮೇಲೆ ಪ್ರೀತಿಯೇ ಇತ್ತು. ಪ್ರೀತಿ ಇದ್ದೇ, ಕಾಫಿಪುಡಿ ತನ್ನಿ ಅನ್ನುವಷ್ಟು ಸಲೀಸಾಗಿ ತರಿಸಿಕೊಂಡಿದ್ದಳು.

ಕಣ್ಣೊರೆಸಿಕೊಂಡು ಅವಳು ನನ್ನ ಕೈ ಹಿಡಿದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ಮಗು ಆದ್ಮೇಲೆ ಹೆದರಿಕೆ ಬೇರೆ ಥರಾನೇ ಇರುತ್ತೆ. ನಿಮಗೆ ಅದು ಅರ್ಥ ಆಗಲ್ಲ. ಬಾಣಂತನಕ್ಕೆ ಬರ್ತೀರಲ್ಲ?"

ನಾನು ಅವಳ ಕೈ ಬಿಡಿಸಿಕೊಂಡೆ.

"ಎಣ್ಣಿ ತಿಕ್ಕೂವಾಗ ಕಣ್ಣಿಗೆ ಬಟ್ಟಿ ಕಟ್ಕೊಳ್ಳೇನು?" ಎಂದೆ.

ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಇಬ್ಬರೂ ಸೇರಿ ಒರೆಸಿದೆವು. ನನ್ನ ಚೀಲ ತೆಗೆದುಕೊಂಡು ಹೊರಗೆ ಬಂದೆ. ಪಾರ್ಕಿನಿಂದ ಮಗು ಬರುವವರೆಗೂ ನಿಲ್ಲಲಿಲ್ಲ. ನಿಂತಿದ್ದರೆ ಏನು ಹೇಳುವುದು, ಅವಳನ್ನು ಹೇಗೆ ನೋಡುವುದು ಎಂದು ತಿಳಿಯುತ್ತಿರಲಿಲ್ಲ. ಐ-94 ಹತ್ತುವಾಗ, ಈಗ ಒಲೆಯ ಮೇಲೆ ಮೆಣಸಿನಕಾಯಿ ಚಟಪಟ ಅನ್ನುತ್ತಿರುತ್ತದೆ ಎಂದು ಜೋರಾಗಿ ಹೇಳಿಕೊಂಡು ನಕ್ಕೆ. ನಗು ಕಲಾಮಜೂ ದಾಟುವಷ್ಟರಲ್ಲಿ ಮುಗಿದುಹೋಯಿತು. ಅಲ್ಲಿಂದ ನೇಪರ್‌ವಿಲ್‌ವರೆಗೆ ಅತ್ತೆ.

ರಜೆ ರದ್ದು ಮಾಡಿದೆ. ತಂಗಿ ಹೇಗಿದ್ದಾಳೆ ಎಂದು ಮ್ಯಾನೇಜರ್ ಕೇಳಿದರೆ ಅವಳ ತಾಯಿ ಬರುತ್ತಾರಂತೆ ಎಂದೆ. ಅದೂ ನಿಜವಾಯಿತು, ಈ ಸಲ ಆ ತಾಯಿಗೆ ವೀಸಾ ಸಿಕ್ಕಿತು. ಅವಳು ಕೆಲವು ದಿನ ಫೋನು ಮಾಡಿದಳು, ನಾನು ಎತ್ತಲಿಲ್ಲ. ಮಗಳ ಕೈಯಲ್ಲಿ ವಾಯ್ಸ್ ಮೆಸೇಜ್ ಮಾಡಿಸಿದಳು. ದೊಡ್ಡಮ್ಮ ಎಂಬ ಮೊದಲ ಮಾತಿಗೇ ನಿಲ್ಲಿಸಿದೆ, ಮುಂದೆ ಕೇಳಲಾಗಲಿಲ್ಲ. ಲೈಬ್ರರಿಯ ಪಾಠ ಮತ್ತೆ ಶುರುವಾಗಿದೆ ಎಂದು ಇಮೇಲ್ ಬಂತು. ಹೋಗಲಿಲ್ಲ. ಎಲ್ಲವನ್ನೂ ನಮ್ಮವರಿಗೆ ಹೇಳಿದ್ದೆ. ಅವರು ಕೇಳಿಸಿಕೊಂಡು, ಹುಚ್ಚು ಜನ, ಬಿಡು ಅತ್ಲಾಗ ಎಂದಿದ್ದರು. ಬಿಡಲಿಕ್ಕೆ ಅವರಿಗೆ ಸುಲಭ. ಆ ಮಾತು ಅಂದದ್ದು ಅವರ ಕಣ್ಣಿಗಲ್ಲ.

ಮಗು ಹುಟ್ಟಿದ ಸುದ್ದಿ ನನಗೆ ಬರಲಿಲ್ಲ, ನಮ್ಮವರಿಗೆ ಬಂತು. ಭಾನುವಾರ ಬೆಳಿಗ್ಗೆ ನಾನು ಪಲ್ಯಕ್ಕೆ ಹೆಚ್ಚುತ್ತಿದ್ದಾಗ ಫೋನು ಹಿಡಿದುಕೊಂಡು ಬಂದರು. ಗಂಡುಮಗುವಂತೆ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಕೂಸನ್ನು ಎತ್ತಿಕೊಂಡು ಕೂತ ಫೋಟೋ.

"ನೋಡಿಲ್ಲೆ, ಎಷ್ಟ್ ಛಂದ ಅದ ಕೂಸು," ಎಂದು ನನ್ನ ಮುಖದ ಮುಂದೆ ಹಿಡಿದರು.

ನಾನು ಕತ್ತು ತಿರುಗಿಸಿದೆ. ಅವರು ಆ ಕಡೆಗೂ ಫೋನು ತಂದರು. ಕಣ್ಣು ಮುಚ್ಚಿಕೊಂಡೆ. ಅವರು ಫೋನು ಜೇಬಿಗೆ ಹಾಕಿಕೊಂಡು, ಇಷ್ಟು ಸಿಟ್ಟು ಒಳ್ಳೆಯದಲ್ಲ, ಆ ಕೂಸು ನಿನಗೇನು ಮಾಡಿದೆ ಎಂದು ಹೇಳಿ ಹೋದರು. ಸಿಟ್ಟು ಅವಳ ಮೇಲಿದೆ, ಸಾಯುವವರೆಗೂ ಇರುತ್ತದೆ. ಆದರೆ ನಾನು ಕಣ್ಣು ಮುಚ್ಚಿದ್ದು ಸಿಟ್ಟಿಗಲ್ಲ. ಇನ್ನೂ ನೆತ್ತಿ ಕೂಡದ ಹಸುಗೂಸು. ನಾನು ನೋಡಿ ಅದಕ್ಕೆ ಏನಾದರೂ ಆದರೆ ಎಂದು ನನಗೆ ಹೆದರಿಕೆಯಾಗಿತ್ತು.